ಸಿಪ್ಪೆಯ ಲೆಕ್ಕ

ಗ್ರೂಯೆತ್ಸ್ ಸೀಮೆಯಲ್ಲಿ ಸೇಬಿಗೇನು ಬರ!
ಬೇಲಿಯಾಚೆ ಸೇಬು, ಬೇಲಿಯೀಚೆ ಸೇಬು,
ಬಸ್ ನಿಲ್ದಾಣದ ಚರಂಡಿಯಲ್ಲೂ ಸೇಬು.
ಆದರೂ ಆ ಗುರುವಾರದ ಸಂತೆಯಲ್ಲಿ ನಾನು
ಒಂದು ಬುಟ್ಟಿ ಸೇಬಿನ ಮುಂದೆ
ಪರ್ಸಿನ ಬಾಯಿ ಬಿಗಿಹಿಡಿದು ನಿಂತಿದ್ದೆ.

ನೋಡಲು ಅಂಥ ಚೆಲುವೆಯರೇನಲ್ಲ:
ಸೊಟ್ಟ ಮೈ, ಮುಖದ ತುಂಬ ಮಚ್ಚೆ,
ಒಂದರ ಕೆನ್ನೆಗೆ ಸೂಜಿ ಚುಚ್ಚಿದಂಥ ತೂತು.
ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ 'ಸಾವಯವ',
ಕಿಲೋಗೆ ಒಂಬತ್ತು ಜ್ಲೋಟಿ.
ಎದುರಂಗಡಿಯಲ್ಲಿ, ಮುಖ ನೋಡಿ ತಲೆ ಬಾಚಿಕೊಳ್ಳುವಷ್ಟು
ನುಣುಪಾದವು, ಮೂರಕ್ಕೆ ಕಿಲೋ.

ಅಡುಗೆಮನೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದೇನೆ,
ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಬರೆದದ್ದು.
ದಪ್ಪ ಸಿಪ್ಪೆಯವು: ಈರುಳ್ಳಿ, ಕುಂಬಳ.
ಸುಲಿದರಾಯಿತು, ಅಗ್ಗದ್ದೇ ಸಾಕು.
ತೆಳು ಸಿಪ್ಪೆಯವು: ಸೇಬು, ಸ್ಟ್ರಾಬೆರಿ, ಸೊಪ್ಪೂ ಇದರಲ್ಲೇ.
ಇವಕ್ಕೆ ಮಾತ್ರ ಕೈ ಬಿಚ್ಚಬೇಕು.
ಮಾಂಸ ಭಾನುವಾರಕ್ಕೆ. ಉಳಿದ ದಿನ ಬೀಟ್‌ರೂಟ್ ಸಾರು,
ಅತ್ತೆ ಗೆನೊವೆಫಾ ಭರಣಿಯಲ್ಲಿ ಹುಳಿ ಬರಿಸಿಟ್ಟ ಕೋಸು.
ಕೂದಲಿಗೆ ಬಣ್ಣ ಹಚ್ಚುವುದು ಬಿಟ್ಟೆ.
ಎರಡು ಸ್ಟಾಪು ನಡೆದೇ ಹೋಗುತ್ತೇನೆ.
ಹಾಸಿಗೆ ಚಿಕ್ಕದು, ನಿಜ;
ಮಗಳ ಕಾಲಷ್ಟಾದರೂ ಒಳಗಿರಲಿ.

ಮಗಳ ಹೆಸರು ಯಾಗೊದಾ. ನಮ್ಮಲ್ಲಿ ಹಾಗೆಂದರೆ
ಬೆರಿ ಹಣ್ಣು. ಅದಕ್ಕಿಂತ ತೆಳು ಸಿಪ್ಪೆಯದು
ಯಾವುದಿದೆ, ಹೇಳಿ.

ನನ್ನ ಗಂಡ ಝೆನೊನ್
ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಸೇಬಿನ ಸಾಲುಗಳ ನಡುವೆ
ಟ್ರ್ಯಾಕ್ಟರ್ ಓಡಿಸುತ್ತಾನೆ. ಹಿಂದೆ ಸಾವಿರ ಲೀಟರಿನ ಟ್ಯಾಂಕು,
ಫ್ಯಾನು, ಮಂಜು.
ಯಾರದೋ ತೋಟ, ಯಾರದೋ ಮದ್ದು. ಸಂಬಳ ನಮ್ಮದು.
ಸಂಜೆ ಅವನು ನೇರ ಒಳಗೆ ಬರುವುದಿಲ್ಲ.
ಅಂಗಳದ ನಲ್ಲಿಯ ಬಳಿ ಬೂಟು, ಅಂಗಿ, ಕೂದಲು, ಕೊರಳು,
ಸೋಪು ಹಾಕಿ ಎರಡೆರಡು ಸಲ.
ಯಾಗೊದಾ ಬಾಗಿಲ ಗಾಜಿಗೆ ಮೂಗೊತ್ತಿ ಕಾಯುತ್ತಾಳೆ:
"ಅಪ್ಪಾ, ಈಗ ಮುಟ್ಟಬಹುದಾ?"
"ತಡಿ, ಇನ್ನೊಂದು ಸಲ."

ಮೊದಮೊದಲು ನನಗೆ ಹೊಳೆದಿರಲಿಲ್ಲ:
ಮದ್ದು ಹೊಡೆದ ದುಡ್ಡಿನಲ್ಲಿ ಮದ್ದಿಲ್ಲದ ಹಣ್ಣು.
ಹೊಳೆದ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಸಂತೆಯ ಹಿಂದಿನ ಸಂಜೆ ಅವನೇ ಪಟ್ಟಿಯ ಮುಂದೆ ನಿಂತು
ಒದ್ದೆ ತಲೆ ಒರೆಸಿಕೊಳ್ಳುತ್ತಾ, ಅರ್ಧ ತಮಾಷೆಗೆ,
"ಬೊಝೆನಾ, ನಾನು ಯಾವ ಸಾಲಿನಲ್ಲಿ?" ಎಂದ.
ನಾನು ನಗಲಿಲ್ಲ. "ಈರುಳ್ಳಿ" ಎಂದೆ.
ಹೂಂಗುಟ್ಟಿದ. ಈರುಳ್ಳಿ ಹೆಚ್ಚುತ್ತಿದ್ದೆನಲ್ಲ,
ಕಣ್ಣಿನ ವಿಷಯ ಯಾರೂ ಕೇಳಲಿಲ್ಲ.

ಯಾವಾಗಲೂ ಮೂರು ತರುವವಳು ಮರುದಿನ ನಾಲ್ಕು ತೂಗಿಸಿದೆ.
ಮಾರುವ ಮುದುಕಿ ತೂತಿನದನ್ನು ತೆಗೆದಿಡಲು ಹೋದಳು.
"ಇರಲಿ, ಅದೇ ಕೊಡಿ" ಎಂದೆ, "ಸ್ವಲ್ಪ ಬಿಟ್ಟುಕೊಡಿ."

ರಾತ್ರಿ ಅದನ್ನು ಅವನ ತಟ್ಟೆಗಿಟ್ಟೆ.
"ಮಗುವಿಗೆ ಕೊಡೇ."
"ಮಗುವಿನದು ಮಗುವಿಗಿದೆ."
ಕಚ್ಚಿದ. ಹುಳಿ, ಅಂದ.
ಮತ್ತೆ ಕಚ್ಚಿ ತಡೆದ. ಹುಳ, ಅಂದಳು ಮಗಳು.
ಬಿಳಿ ತಿರುಳಿನಿಂದ ಅದು ತಲೆಯೆತ್ತಿ
ನಿದ್ದೆಯಿಂದ ಎಬ್ಬಿಸಿದವರನ್ನು ನೋಡುವಂತೆ ನೋಡಿತು.
ಇಡೀ ಬೇಸಿಗೆ ಅದರ ಕುಲವನ್ನೇ ಅಟ್ಟಾಡಿಸಿದವನು
ಚಾಕುವಿನ ತುದಿಯಲ್ಲಿ ಅದನ್ನೆತ್ತಿ, ಮೆಲ್ಲಗೆ,
ಕಿಟಕಿಯ ಜೆರೇನಿಯಂ ಕುಂಡಕ್ಕೆ ಇಳಿಸಿ
ಎಷ್ಟೋ ಹೊತ್ತು ಅಲ್ಲೇ ನಿಂತ.

ಯಾಗೊದಾ ನನ್ನ ಲೆಕ್ಕದ ಪುಸ್ತಕ ಎಳೆದುಕೊಂಡು
'ಸೇಬು, ನಾಲ್ಕು, ಐದು ಜ್ಲೋಟಿ' ಎಂದಿದ್ದರ ಕೆಳಗೆ
ಪೆನ್ಸಿಲ್ ಒತ್ತಿ ಒತ್ತಿ ಸೇರಿಸಿದಳು:
ಹುಳ, ಒಂದು, ಪುಕ್ಕಟೆ.