ಫರಸಿ ಮ್ಯಾಲಿನ ಅಂಕಿ

ವಾಡಿ ಜಂಕ್ಷನ್ನಿನ ಗೇಟಿನ ಬಾಜೂಕ
ಒಂದು ಫರಸಿ ಕಲ್ಲು, ಗೋಡೆಗೆ ಒರಗಿ ನಿಂತದ.
ಶಹಾಬಾದದ್ದು. ಅಂಚು ಒಡದದ ಅಂತ ಗುತ್ತೇದಾರ ಒಗದು ಹೋಗಿದ್ದ.
ಪಾಯಿಂಟ್ಸಮನ್ ದೇವಪುತ್ರ ಅದರ ಮ್ಯಾಲ
ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ
ಖಡೂಲೆ ಒಂದೇ ಒಂದು ಅಂಕಿ ಬರೀತಿದ್ದ.
ಹೆಸರಿಲ್ಲ, ಬಾವುಟ ಇಲ್ಲ. ಬರೇ ಅಂಕಿ.

ಗೇಟ್ ಬಿದ್ದಾಗ ನಿಂತವರು ತಲಿಗೊಂದು ಮಾತಾಡ್ತಿದ್ರು.
ಬೋರಿನ ಆಳ ಅಂದ ಒಬ್ಬ.
ಚಿತ್ತಾಪುರದ ಬಸ್ಸಿನಾಗ ಕುಂತಾಕಿ
ಪೋಲಿಯೊದವರು ಹಾಕಿದ ಮನಿ ನಂಬರ್ ಅಂದ್ಲು.
ಔಟರಿಗೆ ಸಿಕ್ಕೊಂಡ ಮುಂಬೈ ಮೇಲಿನ ಕಿಟಕಿಯೊಳಗಿಂದ
ಯಾರೋ ಫೋಟೊ ಹೊಡಕೊಂಡ್ರು.
ಕಾಲೋನಿ ಹುಡುಗರಿಗಷ್ಟೇ ಗೊತ್ತು:
ಅದು ಜಗತ್ತಿನ ಫುಟ್‌ಬಾಲ್ ಸಾಲಿನಾಗ
ನಮ್ಮ ದೇಶದ ಗಂಡಸರು ನಿಂತ ಜಾಗಾ.

ಸಾಲು ನಮಗೇನು ಹೊಸದಲ್ಲ,
ರೇಷನ್ನಿಂದು, ನಳದ್ದು, ತತ್ಕಾಲಿಂದು.
ಖರೆ ಇದು ಬ್ಯಾರೇ ಸಾಲು.
ಅಂಕಿ ಏರಿದಂಗ ನೀವು ಇಳೀತೀರಿ,
ಸುಮ್ಮ ನಿಂತ್ರೂ ಹಿಂದ ಸರೀತೀರಿ.
ನಕಾಶಾದಾಗ ಬಟ್ಟು ಇಟ್ರ ಮುಚ್ಚಿಹೋಗುವಂಥ ದ್ವೀಪದವರು
ರಾತ್ರಿ ಯಾರಿಗೋ ಒಂದು ಗೋಲ್ ಹೊಡದಿರ್ತಾರ,
ಮುಂಜಾನೆ ವಾಡಿಯೊಳಗ ದೇವಪುತ್ರ
ಹಸಿ ಅರಿವಿ ಹಿಡಕೊಂಡು ಹೊರಗ ಬರ್ತಾನ.

"ಒಮ್ಮೆ ತೊಂಬತ್ನಾಕಿತ್ತು" ಅಂತಿದ್ದ,
ತಾನು ನೌಕರಿಗೆ ಹತ್ತಿದ ವರ್ಷದ್ದು.
ಪಗಾರ ಚೀಟಿ ಹಿಂದ ಬರದಿಟ್ಟಿದ್ದ ಅದನ್ನ,
ಮಗಳ ಹುಟ್ಟಿದ ತಾರೀಖಿನ ಕೆಳಗ.
ತಾನೂ ಗೋಲಕೀಪರ್ ಇದ್ನಂತ, ಡಿವಿಜನ್ ಟೀಮಿಗೆ.
ಬಲಗೈದು ಎರಡು ಬಟ್ಟು ನೆಟ್ಟಗಾಗಂಗಿಲ್ಲ.
ಅವೇ ಎರಡರ ಸಂದ್ಯಾಗ ಖಡು ಹಿಡೀತಿದ್ದ.

ನನಗ ಹನ್ನೆರಡಿದ್ದಾಗ
ಅಂಕಿ ನೂರಾ ಎಪ್ಪತ್ಮೂರಕ್ಕ ಹೋತು.
ಅಷ್ಟು ಕೆಳಗ ಎಂದೂ ಹೋಗಿದ್ದಿಲ್ಲಂತ.
ಕೈ ಅಲ್ಲಾಡಿ ಮೂರು ಸೊಟ್ಟ ಬಿತ್ತು.
ಅವ ಕ್ಯಾಬಿನ್ನಿಗೆ ಹೋದ ಮ್ಯಾಲ
ನಾನು ಹೆಬ್ಬಟ್ಟಿಗೆ ಉಗುಳು ಹಚ್ಚಿ
ಮುಂದಿನ ಒಂದನ್ನ ಒರಸಿಬಿಟ್ಟೆ.

ಎಪ್ಪತ್ಮೂರು!
ಒಂದು ಬಟ್ಟಿನಾಗ ನೂರು ದೇಶ ದಾಟಿದ್ವಿ.
ಮಸ್ತಾನನ ಚಾದ ಅಂಗಡ್ಯಾಗ ಪುಕ್ಕಟೆ ಮಿರ್ಚಿ ಹಂಚಿದ್ರು.
ಸಿಮೆಂಟ್ ಫ್ಯಾಕ್ಟರಿ ಪಾಳಿ ಮುಗಿಸಿ ಬಂದ ನಮ್ಮಪ್ಪ,
ರೆಪ್ಪಿಗೆಲ್ಲ ಬೂದಿ, ನಿಂತು ನೋಡಿ
"ಛಲೋ ಆತು" ಅಂದ.
ಏನು ಛಲೋ ಆತಂತ ಗೊತ್ತಿದ್ದಿಲ್ಲ ಅವನಿಗೆ.

ಸಂಜಿಗೆ ದೇವಪುತ್ರ ಬಂದ. ನೋಡಿದ.
ಬೈಲಿಲ್ಲ. ಕಲ್ಲಿನ ಮುಂದ ಕುಕ್ಕರಗಾಲಿಲೆ ಕುಂತು
ಪ್ಯಾಸೆಂಜರ್ ಪೂರಾ ಹೋಗೋತನಕ ಸುಮ್ಮಿದ್ದ.
"ಜಗದೇವಿ" ಅಂದ, ನಾನೇ ಅಂತ ಹ್ಯಾಂಗ ತಿಳೀತೋ,
"ಪಾಯಿಂಟು ಕೂಡಿಲ್ದ ಕೂಡ್ಯದ ಅಂತ
ನಾ ಹಸುರು ಝಂಡಿ ತೋರಿಸಿದ್ರ
ಗಾಡ್ಯಾಗಿನ ಮಂದಿಗೆ ಏನಾಗ್ತದ?"
ಖಡು ನನ್ನ ಕೈಯಾಗ ಇಟ್ಟ.
ಒಂದನ್ನ ಬರದೆ. ಭಾಳ ದಪ್ಪ ಬರದೆ, ಸಿಟ್ಟಿಗೆ.

ಮುಂದಿನ ತಿಂಗಳು ಅದು ತಾನೇ ನೂರಾ ನಲವತ್ತೇಳಾತು.
ವರ್ಷ ಕಳದ ಮ್ಯಾಲ ತೊಂಬತ್ತಾರೂ ಆತು, ತೊಂಬತ್ತೊಂಬತ್ತೂ ಆತು.
ಎರಡಂಕಿ ಬರಿಯೋ ಸುಖ ಕೈಗೆ ಹತ್ತೂದ್ರೊಳಗ
ಮತ್ತ ಮೂರಂಕಿ. ನೂರಾ ಹದಿನೇಳು. ನೂರಾ ಇಪ್ಪತ್ತೇಳು.

ಈಗ ನಾನೇ ಬರೀತೀನಿ.
ರೈಲ್ವೆ ಡಾಕ್ಟರ್ ಅವನ ಕಣ್ಣು ನಾಪಾಸ ಮಾಡಿದ.
ಬಾಗಲದಾಗ ಕುಂತಿರ್ತಾನ, ನನ್ನ ಚಪ್ಪಲ್ ಸಪ್ಪಳಕ್ಕ ಕೇಳ್ತಾನ,
"ಎಷ್ಟದ?"
ಎಷ್ಟದೋ ಅಷ್ಟೇ ಹೇಳ್ತೀನಿ.
ಒಮ್ಮೊಮ್ಮೆ ನಾಲಿಗಿ ತುದಿಗೆ ಎಪ್ಪತ್ಮೂರು ಬರ್ತದ,
ನುಂಗ್ತೀನಿ.

ಕಲ್ಲು ಮಾತ್ರ ಯಾವುದನ್ನೂ ಪೂರಾ ಬಿಟ್ಟಿಲ್ಲ.
ತೊಯ್ಸಿದ್ರ ಹಳೀ ಅಂಕಿಯೆಲ್ಲ
ಒಂದರ ಬೆನ್ನಿಗೊಂದು ಮೂಡಿ, ಒಣಗೂದ್ರೊಳಗ ಹೋಗ್ತಾವ.
ಗೇಟಿನ ಆಚಿ ಬೈಲಾಗ
ಇಟ್ಟಂಗಿ ಗೋಲಿಟ್ಟು ಹುಡುಗರು ಆಡ್ಲತ್ತಾರ.
ಇತ್ತಕಡಿ ಒಬ್ಬರೂ ನೋಡೂದಿಲ್ಲ.

ನಿನ್ನೆ ಒಬ್ಬ ಲಾರಿಯಂವ ತಲಿ ಹೊರಗ ಹಾಕಿ ಕೇಳಿದ,
"ನೂರಾ ನಲವತ್ತೆರಡು, ಫುಟಿಗೇನಕ್ಕಾ, ಇಡೀ ಕಲ್ಲಿಗೋ?"
"ಕೊಡೂದಲ್ರಿ ಅದು" ಅಂದೆ.
"ಹಂಗಾದ್ರ ರೇಟ್ ಯಾಕ ಬರದೀರಿ?"
ಅಷ್ಟರಾಗ ಗೇಟ್ ಎದ್ದಿತು.