ಎರಡನೇ ಸಾರಿ

ಮಂಡ್ಯದ ಮಂಡಿಯಲ್ಲಿ ಇಪ್ಪತ್ತೆಂಟು ವರ್ಷ
ಬೆಲ್ಲದ ಹರಾಜು ಕೂಗಿದ ಗಂಟಲು ಇದು.
ಅಚ್ಚು, ಬಕೆಟ್ಟು, ಕುರಿಕಾಲಚ್ಚು,
ಚೂರು ಮುರಿದು ನಾಲಿಗೆಗಿಟ್ಟರೆ
ಯಾವೂರ ಆಲೆಮನೆ, ಸುಣ್ಣ ಎಷ್ಟು ಬಿದ್ದಿದೆ, ಎಲ್ಲಾ ಹೇಳೋರು.
ಮನೆಗೆ ಬಂದರೆ ಬರಿದಾದ ಗೋಣಿಚೀಲ,
ಕೊಡವಿದರೆ ಎರಡೇ ಉದುರೋವು:
"ಅನ್ನ ಇಕ್ಕು." "ಲೈಟ್ ಆರಿಸು."

ನನಗೇನು ಬರ್ತಿತ್ತು ಅನ್ನಿ.
ಸಿಟ್ಟು ಬಂದರೆ ಪಾತ್ರೆ ಕುಕ್ಕುತ್ತಿದ್ದೆ,
ಮನಸ್ಸು ತುಂಬಿ ಬಂದರೆ ಸಾರಿಗೆ ಒಂದು ಮಿಳ್ಳೆ ತುಪ್ಪ ಜಾಸ್ತಿ.
ಅದನ್ನ ಓದಿಕೊಂಡರೋ, ಬರೀ ಉಂಡರೋ,
ಕೇಳಿದವಳಲ್ಲ.

ಈಗ ಬುಧವಾರ ಬುಧವಾರ ಮೈಸೂರಿಗೆ,
ಮಾತು ಕಲಿಸುವ ಆಸ್ಪತ್ರೆಗೆ.
ಬಲಗೈ, ಮಡಿಲಲ್ಲಿ ಮಲಗಿದ ಕೂಸು.
"ಯಜಮಾನರ ಹೆಸರೇನಮ್ಮ?" ಅಂದಳು ಕಲಿಸುವ ಹುಡುಗಿ.
ಚೀಟಿ ಮುಂದೆ ತಳ್ಳಿ "ಅಲ್ಲೈತೆ, ಓದ್ಕೊಳವ್ವ" ಅಂದೆ.
ನಗು ತಡೆದುಕೊಂಡಳು.
ಮಾತಿದ್ದೂ ಆಡದವರಿಗೆ ಅಲ್ಲಿ ಕ್ಲಾಸಿಲ್ಲ.

ಒಂದೊಂದೇ ಪಟ ತೆಗೆದಳು.
ಕೊಡೆಯ ಪಟಕ್ಕೆ ತುಟಿ ಹೊರಳಿತು, ಬರೀ ಗಾಳಿ.
ಬೀಗದ ಪಟಕ್ಕೆ "ಕ್ವಿಂಟಾಲು."
ಬಾಚಣಿಗೆಗೂ "ಕ್ವಿಂಟಾಲು."
ಬೈಗುಳ ಮಾತ್ರ ಇಡಿಯಾಗಿ ಉಳಿದಿವೆ,
ಲೆಕ್ಕವೂ; ಒಂದು ಅಂದರೆ ಸಾಕು,
ನೂರರ ತನಕ ಇಳಿಜಾರಿಗೆ ಬಿಟ್ಟ ಗಾಡಿ.
ಎಮ್ಮೆಯ ಪಟ ಹಿಡಿದಾಗ
ತುಂಬಾ ಹೊತ್ತು ನೋಡಿದರು.
ಆಮೇಲೆ, ಒಂದಕ್ಷರ ಮುಕ್ಕಾಗದೆ,
"ದೇವೀರಮ್ಮ."

ಮೂವತ್ತೊಂದು ವರ್ಷ "ಇವಳೇ" ಆಗಿದ್ದೆ,
"ಏಯ್" ಆಗಿದ್ದೆ,
ಬಾಗಿಲಲ್ಲಿ ನಿಂತ ಒಂದು ಕೆಮ್ಮಾಗಿದ್ದೆ.
ಹುಡುಗಿ ಪೆನ್ನೆತ್ತಿ ತಪ್ಪು ಅಂತ ಗೀಟೆಳೆಯೋಕೆ ಹೋದಳು.
"ಇರವ್ವ," ಅಂದೆ, "ಅದೊಂದನ್ನ ಹೊಡೀಬ್ಯಾಡ."

ವಾಪಸ್ ಬಸ್ಸು. ಶ್ರೀರಂಗಪಟ್ಟಣದ ಸೇತುವೆ ಮೇಲೆ
ಹೊಳೆ ಕಡೆ ಮುಖ ಮಾಡಿದ್ದರು, ಏನು ಕಂಡಿತೋ,
ಹಳೇ ಗಂಟಲು ಎದ್ದು ಕೂತಿತು:
"ಒಂದನೇ ಸಾರಿ!"
ಕಂಡಕ್ಟರ್ ತಿರುಗಿದ, ಹೂವಿನ ಬುಟ್ಟಿಯವಳು ತಿರುಗಿದಳು.
"ಎರಡನೇ ಸಾರಿ..."
ಅಲ್ಲಿಗೇ ನಿಂತರು, ನನ್ನನ್ನೇ ನೋಡುತ್ತಾ.

ಮಾರಾಟಕ್ಕೆ ಏನಿತ್ತೋ, ಯಾವ ದರಕ್ಕೋ, ನನಗೆ ತಿಳೀದು.
ಬುತ್ತಿ ಕೊಡಲು ಹೋದಾಗ ಕಂಡಿದ್ದೆನಲ್ಲ,
ಆ ಸಾವುಕಾರರ ಹಾಗೆ
ಸುಮ್ಮನೆ ತಲೆಯಾಡಿಸಿದೆ.