ಏಳನೆಯ ವಿಷಯ

ನಮ್ಮ ಕನ್ನಡದಲ್ಲಿ ಸಭೆ ಎಂದರೆ ಎರಡು:
ಪ್ರಾರ್ಥಿಸಲು ಕೂಡಿದವರು,
ವಾದಿಸಲು ಕೂಡಿದವರು.
ವೈಟ್‌ಹೇವನ್ನಿನಲ್ಲಿ ಹನ್ನೊಂದು ತಿಂಗಳಿಂದ
ಎರಡನೆಯದಕ್ಕೆ ನಾನು ಕಾರ್ಯದರ್ಶಿ.

ಅಕ್ಷರ ದುಂಡಗಿದೆ ಎಂದು ಆರಿಸಿದರು,
ಗದಗಿನ ಮಿಷನ್ ಶಾಲೆಯ ಪುಣ್ಯ.
ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ:
ಇವಳು ಯಾರ ಪೈಕಿಯೂ ಅಲ್ಲ.

ನಿಜವೇ. ಅಪ್ಪನ ಕಡೆ ಕರ್ತನ ಭೋಜನ,
ಅಮ್ಮನ ಕಡೆ ಪರಮಪ್ರಸಾದ.
ಅಪ್ಪ ಯೆಹೋವನೇ ಎಂದು ಕಣ್ಣು ಮುಚ್ಚಿದರೆ
ಅಮ್ಮ ಸರ್ವೇಶ್ವರಾ ಎನ್ನುವಳು, ತುಸು ಜೋರಾಗಿಯೇ,
ಒಂದೇ ತಟ್ಟೆಯ ಮುಂದೆ.
ಅನ್ನ ಆರುತ್ತಿತ್ತು.

ಇಲ್ಲಿ ಮೂರು ಚರ್ಚು, ಎರಡು ಸೋರುವ ಮಾಡು,
ಕೆಟ್ಟು ನಿಂತ ಬಾಯ್ಲರು.
ಚಳಿ ನಮ್ಮನ್ನು ಒಂದುಗೂಡಿಸಿದಷ್ಟು
ಯಾವ ಪ್ರಸಂಗವೂ ಒಂದುಗೂಡಿಸಿರಲಿಲ್ಲ.
ಬೆಚ್ಚಗಿದ್ದದ್ದು ಮೆಥೊಡಿಸ್ಟರ ಹಾಲ್ ಮಾತ್ರ,
ಅದರ ಬೀಗದ ಕೈ ಈನಿಡ್ ಟೈಸನ್ನಳ ಕೊರಳಲ್ಲಿ,
ಶಿಲುಬೆ ಇರಬೇಕಾದ ಜಾಗದಲ್ಲಿ.

ವಿಷಯ ಒಂದು: ಕಾರು ನಿಲ್ಲಿಸುವುದೆಲ್ಲಿ.
ವಿಷಯ ನಾಲ್ಕು: ಎಲ್ಲರಿಗೂ ಒಂದೇ ಬಟ್ಟಲೋ, ಪುಟ್ಟ ಲೋಟಗಳೋ,
ದ್ರಾಕ್ಷಾರಸವೋ, ಬರೀ ದ್ರಾಕ್ಷಿಯ ರಸವೋ.
ಫಾದರ್ ಕಾನ್‌ಲನ್ ಬಿಸ್ಕತ್ತನ್ನು ಚಹಾಕ್ಕೆ ಅದ್ದಿ
ನಮ್ಮಲ್ಲಿ ಅದು ಆಗುವುದಿಲ್ಲ, ಕ್ಷಮಿಸಿ, ಎಂದರು.
ಬಿಸ್ಕತ್ತು ಮುರಿದು ಒಳಗೆ ಬಿತ್ತು.
ಆಂಗ್ಲಿಕನ್ನರ ಹಿಲರಿ ತನ್ನ ಚಮಚ ಚಾಚಿದಳು.
ಇದನ್ನು ನಾನು ಬರೆದುಕೊಳ್ಳಲಿಲ್ಲ.

ವಿಷಯ ಏಳು: ಯುವಜನರು ಯಾಕೆ ಬರುತ್ತಿಲ್ಲ.
ಎಲ್ಲರೂ ಒಟ್ಟಿಗೆ ನಿಟ್ಟುಸಿರಿಟ್ಟರು,
ವರ್ಷದಲ್ಲಿ ಮೊದಲ ಒಮ್ಮತ.
ಫೋನು ಎಂದರು. ಫುಟ್‌ಬಾಲು ಎಂದರು.
ಆಗ ಕೆಳಗಿನ ಅಡುಗೆಮನೆಯಿಂದ
ದಡಬಡ ಸದ್ದು, ಹೋ ಎಂಬ ನಗು.
ಶುಕ್ರವಾರ, ಫುಡ್ ಬ್ಯಾಂಕಿನ ದಿನ.
ಸ್ವಲ್ಪ ಸುಮ್ಮನಿರಲು ಹೇಳಿ ಬನ್ನಿ
ಎಂದು ನನ್ನನ್ನೇ ಕಳಿಸಿದರು.

ಇಳಿದೆ. ಬಂದರಿನ ಗಾಳಿಗೆ ಬಾಗಿಲು
ತಾನೇ ತೆರೆದು ತಾನೇ ಬಡಿಯುತ್ತಿತ್ತು.
ಸಾಲು ರಸ್ತೆಯವರೆಗೆ. ಒದ್ದೆ ಟೋಪಿಗಳು.
ಪೇಪರ್ ಲೋಟಗಳು ಮುಗಿದಿದ್ದವು.
ನನ್ನ ಮಗಳು ತಬಿತಾ, ಹದಿನಾರು, ಮೂಗಿಗೊಂದು ರಿಂಗು,
ಈಸ್ಟರಿಗೂ ಚರ್ಚಿಗೆ ಬರಲೊಲ್ಲದವಳು,
ಮೀನಂಗಡಿಯ ಕೀರನ್, ಮತ್ತೆ ಆ ಪೋಲಿಷ್ ಹುಡುಗಿ ಒಲಾ
ಬೀರುವಿನಿಂದ ಇಳಿಸಿಕೊಂಡಿದ್ದರು
ಕರ್ತನ ಭೋಜನದ ಮರದ ತಟ್ಟೆ:
ನಲವತ್ತು ಗಾಜಿನ ಲೋಟ, ಒಂದೊಂದೂ ಹೆಬ್ಬೆರಳಷ್ಟು.
ಬ್ಲ್ಯಾಕ್‌ಕರಂಟಿನ ಬಿಸಿ ಶರಬತ್ತು
ಸಾಲಿನ ಮಕ್ಕಳಿಗೆ.
ಒಂದೇ ಗುಟುಕು, ಮತ್ತೆ ಸಾಲಿನ ತುದಿಗೆ ಓಟ.
ಕೆನ್ನೀಲಿ ಮೀಸೆಯ ಒಬ್ಬ ಪೋರ ಐದನೆಯ ಸಲ ಬಂದಿದ್ದ,
ಒಲಾ ಲೆಕ್ಕ ತಪ್ಪಿದಂತೆ ನಟಿಸಿದಳು.

ಅಮ್ಮಾ, ಮೇಲೆ ಹೇಳಬೇಡ, ಎಂದಳು ತಬಿತಾ.
ಹೇಳಲಿಲ್ಲ. ತೋಳು ಮೇಲಕ್ಕೇರಿಸಿ
ಹತ್ತು ನಿಮಿಷ ಲೋಟ ತೊಳೆದೆ.
ಅಷ್ಟು ಸಣ್ಣದರೊಳಗೆ ಬೇರೆ ಬೆರಳು ಹೋಗದು,
ಕಿರುಬೆರಳೇ ಬೇಕು.
ಹತ್ತಿ ಹೋಗಿ ಬರೆದೆ:
ವಿಷಯ ಏಳು, ಮುಂದೂಡಲಾಗಿದೆ.

ಮನೆಯ ದಾರಿಯಲ್ಲಿ ಕೇಳಿದೆ, ನಿನಗೆ ನಂಬಿಕೆ ಇದೆಯಾ?
ಗೊತ್ತಿಲ್ಲ. ನಿನಗೆ?
ನಾನು ರಾತ್ರಿಯ ಸಾರಿನ ಮಾತು ತೆಗೆದೆ.

ಈನಿಡ್ ಎಣಿಸಿದಳು, ಮೂವತ್ತೊಂಬತ್ತು.
ವಾರವಿಡೀ ನನ್ನೊಡನೆ ಮಾತು ಬಿಟ್ಟಳು.
(ನಲವತ್ತನೆಯದು ತಬಿತಾಳ ಕಿಟಕಿಯಲ್ಲಿದೆ,
ರಿಂಗು ಬಿಚ್ಚಿದಾಗ ಹಾಕಿಡಲು.)
ಮುಂದಿನ ಶುಕ್ರವಾರ ಸಿಂಕಿನ ಪಕ್ಕ
ಅವಳ ಅಜ್ಜಿಯ ಕಾಲದ ಪೆಟ್ಟಿಗೆ,
ಹಳೆ ಪತ್ರಿಕೆಯಲ್ಲಿ ಸುತ್ತಿದ ಇನ್ನೂ ಎರಡು ಡಜನ್,
ಮೇಲೊಂದು ಚೀಟಿ:
ಕುದಿಯುವುದನ್ನು ಸುರಿಯಬೇಡಿ, ಸೀಳುತ್ತವೆ.
ಉಗುರುಬೆಚ್ಚಗೆ ಸಾಕು.

ಉಗುರುಬೆಚ್ಚಗಿರುವವರ ಮೇಲೆ ಗದಗಿನ ಉಪದೇಶಿಗಳು
ವರ್ಷಕ್ಕೊಮ್ಮೆಯಾದರೂ ಗುಡುಗುತ್ತಿದ್ದರು.
ಚೀಟಿ ಮಡಚಿ ನಡಾವಳಿ ಪುಸ್ತಕದಲ್ಲಿಟ್ಟೆ.

ಭಾನುವಾರ ಮಕ್ಕಳು ಬರಲಿಲ್ಲವಂತೆ.
ನಾನೂ ಹೋಗಿರಲಿಲ್ಲ,
ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ.